ಒತ್ತೆ ಬಿಡಿಸುವುದೆಂದರೆ



ಪಾಪ ಎಂದರೆ ಕ್ರೈಸ್ತರು ಏನನ್ನು ಹೇಳುತ್ತಾರೆ, ವಿಮೋಚನೆ ಎಂದರೆ ಏನನ್ನು ಹೇಳುತ್ತಾರೆ, ನಾಲ್ಕು ಮಾತು ಆಡಿ ಎಂದು ಕೇಳಿದಾಗ ಹೂಂ ಅಂದುಬಿಟ್ಟೆ. ಹೆದರಿಕೆ ಶುರುವಾದದ್ದು ಆಮೇಲೆ. ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಬಳ್ಳಾರಿಯಲ್ಲಿ ಹುಟ್ಟಿ, ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ಮೂವತ್ತು ವರ್ಷ ಕಳೆದವನು. ಹಾಗಾಗಿ ಪುಸ್ತಕದಿಂದ ಸ್ವಲ್ಪ, ಬದುಕಿನಿಂದ ಸ್ವಲ್ಪ ತೆಗೆದು ಹೇಳುತ್ತೇನೆ.

ಕಾರ್ಖಾನೆಯಲ್ಲಿ ನನ್ನ ಜೊತೆ ಕೋಲಾರದ ಕಡೆಯವರೊಬ್ಬರಿದ್ದರು. ಊಟದ ಹೊತ್ತಿನಲ್ಲಿ ನಾವಿಬ್ಬರೇ ಕನ್ನಡ. ಅವರು ಒಂದು ದಿನ ಮೊಸರನ್ನ ಕಲಸುತ್ತಾ ಹೇಳಿದರು: "ನಿಮ್ಮದು ಸುಲಭ ಬಿಡ್ರೀ. ವಾರವೆಲ್ಲಾ ಪಾಪ ಮಾಡೋದು, ಭಾನುವಾರ ಹೋಗಿ ಒರೆಸಿಬಿಡೋದು. ನಮ್ಮಲ್ಲಿ ಹಾಗಿಲ್ಲ. ಮಾಡಿದ್ದುಣ್ಣೋ ಮಹಾರಾಯ." ಅಷ್ಟಕ್ಕೇ ಬಿಡಲಿಲ್ಲ, ಊರಿನ ಗುಡಿಯ ಕಥೆಯನ್ನೂ ಸಾಕ್ಷಿಗೆ ಕರೆದರು.

ಆ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ತಮಿಳರ ಸುಂದರಮೂರ್ತಿ ನಾಯನಾರ್ ನಮಗೆ ಹರಿಹರನ ರಗಳೆಯ ಮೂಲಕ ನಂಬಿಯಣ್ಣನಾಗಿ ಪರಿಚಿತ. ಆತ ತಿರುವೊಟ್ಟಿಯೂರಿನಲ್ಲಿ ಸಂಗಿಲಿ ಎಂಬಾಕೆಯನ್ನು ಮೆಚ್ಚಿ, ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಗುಡಿಯ ಬಕುಲದ ಮರದ ಕೆಳಗೆ ಆಣೆ ಮಾಡಿದ. ಶಿವನಿಗೆ ಸಲಿಗೆಯ ಗೆಳೆಯ ಬೇರೆ. ಆಣೆಯ ಹೊತ್ತಿಗೆ ನೀನು ಗರ್ಭಗುಡಿ ಬಿಟ್ಟು ಮರದ ಕೆಳಗೆ ಹೋಗಿರು, ಆಗ ಒಳಗೆ ಮಾಡಿದ ಆಣೆ ತಟ್ಟುವುದಿಲ್ಲ ಎಂದು ಉಪಾಯವನ್ನೂ ಹೂಡಿದ್ದ. ಶಿವ ಮರದ ಕೆಳಗೇ ಆಣೆ ಮಾಡಿಸುವಂತೆ ಸಂಗಿಲಿಗೆ ಕನಸಿನಲ್ಲಿ ಹೇಳಿಬಿಟ್ಟ. ಮುಂದೆ ತಿರುವಾರೂರಿನ ನೆನಪು ಕಾಡಿ ನಂಬಿಯಣ್ಣ ಊರಿನ ಗಡಿ ದಾಟಿದ, ಎರಡೂ ಕಣ್ಣು ಹೋದವು. "ನೋಡಿ, ನಮ್ಮೂರ ಸ್ವಾಮಿ ಗೆಳೆಯನನ್ನೇ ಬಿಡಲಿಲ್ಲ" ಎಂದರು ನನ್ನ ಸಹೋದ್ಯೋಗಿ. ನಾನೂ ಕಥೆ ಬಲ್ಲವನೇ. "ಹಾಡಿ ಬೇಡಿದ ಮೇಲೆ ಕಂಚಿಯಲ್ಲಿ ಒಂದು ಕಣ್ಣು, ತಿರುವಾರೂರಿನಲ್ಲಿ ಇನ್ನೊಂದು ಕಣ್ಣು ವಾಪಸ್ಸು ಬಂತಲ್ಲ, ಅದನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ?" ಎಂದೆ. ಇಬ್ಬರೂ ನಕ್ಕೆವು. ಆದರೆ ಸುಲಭ ಎಂಬ ಆ ಮಾತು ಮಾತ್ರ ನನ್ನೊಳಗೆ ಮುಳ್ಳಿನಂತೆ ಉಳಿಯಿತು.

ಊರಿನ ಹೆಸರಿನಲ್ಲೇ ಉತ್ತರದ ಒಂದು ತುದಿ ಇದೆ. ಪ್ರಳಯದ ನೀರನ್ನು ಒತ್ತಿ ಹಿಂದಕ್ಕೆ ಸರಿಸಿದ ಸ್ಥಳ, ಹಾಗಾಗಿ ಒಟ್ರಿಯೂರ್ ಎನ್ನುತ್ತದೆ ಸ್ಥಳಪುರಾಣ. ಆದರೆ ತಮಿಳಿನಲ್ಲಿ ಒಟ್ರಿ ಎಂದರೆ ಅಡಮಾನ ಎಂದೂ ಅರ್ಥ. ಭಕ್ತ ಕವಿಗಳು ಈ ಶ್ಲೇಷೆಯನ್ನು ಬಿಟ್ಟಿಲ್ಲ. ನಮ್ಮ ಒತ್ತೆ ಅದರ ಒಡಹುಟ್ಟಿದ ಪದ. ಒತ್ತೆ ಇಡು, ಒತ್ತೆಯಾಳು ಎನ್ನುತ್ತೇವಲ್ಲ, ಅದೇ. ಅಡವಿಟ್ಟ ಊರಿನಲ್ಲಿ ಇಷ್ಟು ವರ್ಷ ಬಾಡಿಗೆಗಿದ್ದೆ ಎಂದು ಈಗ ತಮಾಷೆ ಮಾಡಿಕೊಳ್ಳುತ್ತೇನೆ.

ಕ್ರೈಸ್ತರ ಗ್ರಂಥವೂ ಪಾಪದ ವಿಚಾರಕ್ಕೆ ಬಂದಾಗ ಸಾಲ, ಒತ್ತೆ, ಜೀತದ ಮಾತನ್ನೇ ಹೆಚ್ಚಾಗಿ ಆಡುತ್ತದೆ. ಗ್ರೀಕಿನಲ್ಲಿ ಪಾಪಕ್ಕಿರುವ ಪದ ಹಮಾರ್ತಿಯ. ಗುರಿ ತಪ್ಪುವುದು ಅದರ ಮೂಲಾರ್ಥ. ಆದರೆ ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲ ಮತ್ತು ಪಾಪ ಎರಡಕ್ಕೂ ಒಂದೇ ಪದ. ಅವನು ಕಲಿಸಿದ ಪ್ರಾರ್ಥನೆಯನ್ನು ಬರೆದಿಡುವಾಗ ಮತ್ತಾಯನ ಗ್ರೀಕ್ ಪಾಠ ಸಾಲಗಳು ಎಂದಿತು, ಲೂಕನ ಪಾಠ ಪಾಪಗಳು ಎಂದಿತು. ಕನ್ನಡ ಸತ್ಯವೇದದಲ್ಲಿ ಯೇಸು ಅನೇಕರಿಗಾಗಿ ಪ್ರಾಣ ಕೊಡುವ ಮಾತು ಬರುವಲ್ಲಿ ಈಡು ಎಂಬ ಪದವಿದೆ. ಅದೂ ಸಾಲದ ವ್ಯವಹಾರದಲ್ಲಿ ಸಲ್ಲುವ ಪದವೇ. ನಮ್ಮೂರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಕುಳಿತರು. 1853ರಲ್ಲಿ ಇಂಡಿಯಾಕ್ಕೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1862ರಲ್ಲಿ ಕಥಾಮಾಲೆಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. 1894ರ ಅವರ ನಿಘಂಟನ್ನಂತೂ ಎಲ್ಲರೂ ಬಲ್ಲರು. ಇಂಥವರು ಪದ ಹುಡುಕುತ್ತಾ ಪಂಡಿತರ ಮನೆಗೂ ಹೋದರು, ಸಂತೆಗೂ ಹೋದರು. ಸಂತೆಯಿಂದ ತಂದ ಪದಗಳೇ ನನಗೆ ಹೆಚ್ಚು ಅರ್ಥವಾಗುತ್ತವೆ.

ಹಳೆಯ ಒಡಂಬಡಿಕೆಯ ಯಾಜಕಕಾಂಡದ 25ನೆಯ ಅಧ್ಯಾಯ ಓದಿ ನೋಡಿ, ಯಾವುದೋ ಹಳ್ಳಿಯ ಪಂಚಾಯಿತಿಯಲ್ಲಿ ಕುಳಿತಂತಾಗುತ್ತದೆ. ಬಡತನದಿಂದ ಒಬ್ಬ ಹೊಲ ಮಾರಿಕೊಂಡರೆ ಅವನ ಹತ್ತಿರದ ಬಂಧು ಬಂದು ಬಿಡಿಸಿಕೊಡಬೇಕು. ತನ್ನನ್ನೇ ಮಾರಿಕೊಂಡಿದ್ದರೆ ಅಣ್ಣತಮ್ಮ, ಚಿಕ್ಕಪ್ಪ, ಚಿಕ್ಕಪ್ಪನ ಮಗ, ಯಾರಾದರೂ ಹಣ ಕಟ್ಟಿ ಬಿಡಿಸಬಹುದು. ಹೀಗೆ ಬಿಡಿಸುವ ಬಂಧುವಿಗೆ ಹೀಬ್ರೂವಿನಲ್ಲಿ ಗೋಏಲ್ ಎಂದು ಹೆಸರು. ದೇವರನ್ನೇ ಆ ಹೆಸರಿನಿಂದ ಪ್ರವಾದಿಗಳು ಕರೆದರು. ವಿಮೋಚಕ ಎಂಬ ದೊಡ್ಡ ಪದದ ಹಿಂದೆ ಇರುವುದು, ಕೈಯಲ್ಲಿ ದುಡ್ಡು ಹಿಡಿದು ಸಾಹುಕಾರನ ಬಾಗಿಲಿಗೆ ನಡೆದು ಬರುವ ಒಬ್ಬ ನೆಂಟ.

ಬಿಡಿಸಲು ಇನ್ನೊಬ್ಬ ಏಕೆ ಬೇಕು, ಅವನವನೇ ತೀರಿಸಲಿ ಎನ್ನಬಹುದು. ಜೀತ ಕಂಡವರು ಹಾಗೆ ಕೇಳುವುದಿಲ್ಲ. 1976ರ ಕಾಯಿದೆ ಬಂದು ಜೀತ ರದ್ದಾಗುವ ಮೊದಲು, ಆಮೇಲೂ ಎಷ್ಟೋ ಕಡೆ, ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತಿದ್ದ. ದುಡಿದದ್ದು ಬಡ್ಡಿಗೂ ಸಾಲದು, ಅಸಲು ಹಾಗೇ ನಿಂತಿರುತ್ತಿತ್ತು. ಯೇಸು ಹೇಳಿದ ಕಥೆಯೊಂದರಲ್ಲಿ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನದ ಕೂಲಿ. ಒಟ್ಟು 6 ಕೋಟಿ ದಿನ. ವರ್ಷಕ್ಕೆ 300 ದಿನ ಕೆಲಸ ಸಿಕ್ಕರೂ 2 ಲಕ್ಷ ವರ್ಷ! ಅಷ್ಟಿದ್ದೂ ಆಳು ಹೇಳುತ್ತಾನೆ, ಸ್ವಲ್ಪ ತಾಳಿ, ಎಲ್ಲಾ ತೀರಿಸುತ್ತೇನೆ ಎಂದು. ನಗು ಬರುತ್ತದೆ, ಆದರೆ ಈ ಮಾತನ್ನು ನಾನೂ ಆಡಿದ್ದೇನೆ. ಆ ಕಥೆಯನ್ನೇ ಈಗ ಹೇಳುತ್ತೇನೆ. ಇಷ್ಟು ದಿನ ಮನೆಯವರಿಗೂ ಪೂರ್ತಿ ಹೇಳಿದ್ದಿಲ್ಲ.

ಬಹಳ ಹಿಂದೆ, ನನ್ನ ಅಕ್ಕ ತನ್ನ ಎರಡೆಳೆ ಸರವನ್ನು ನನ್ನ ಕೈಗೆ ಕೊಟ್ಟು, ನಿನ್ನ ಹತ್ತಿರ ಭದ್ರವಾಗಿರಲಿ ಕಣೋ ಎಂದಿದ್ದಳು. ಚೀಟಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡ ನಾನು ಅದನ್ನು ಗಿರವಿ ಅಂಗಡಿಯಲ್ಲಿಟ್ಟೆ. ಎರಡು ತಿಂಗಳಲ್ಲಿ ಬಿಡಿಸಿಕೊಂಡರಾಯಿತು ಎಂದುಕೊಂಡೆ. ಎರಡು ವರ್ಷವಾಯಿತು. ಬಡ್ಡಿ ಬೆಳೆಯಿತು, ಹರಾಜಿನ ನೋಟೀಸೂ ಬಂತು. ಆಗಲೇ ಅಕ್ಕ, ಭಾವ ಮನೆಗೆ ಬಂದರು. ಸರ ಎಲ್ಲೋ ಎಂದಳು ಅಕ್ಕ. ಬ್ಯಾಂಕಿನ ಲಾಕರಿನಲ್ಲಿದೆ ಅಕ್ಕ ಎಂದೆ. ಅವಳು ನಂಬಿದಳು. ಈಗಲೂ ನನ್ನನ್ನು ಚುಚ್ಚುವುದು ಆ ಸರವಲ್ಲ, ಅವಳು ಮರುಮಾತಿಲ್ಲದೆ ನಂಬಿದ ರೀತಿ. ಪಾಪ ಎಂದರೆ ನಿಯಮ ಮುರಿಯುವುದು ಎಂದು ಚಿಕ್ಕಂದಿನಲ್ಲಿ ಕಲಿತಿದ್ದೆ. ಅಂದು ಮುರಿದದ್ದು ನಿಯಮವಲ್ಲ.

ಭಾವ ಏನೂ ಕೇಳಲಿಲ್ಲ. ಗೂಟಕ್ಕೆ ಹಾಕಿದ್ದ ನನ್ನ ಅಂಗಿಯ ಜೇಬಿನಲ್ಲಿದ್ದ ಚೀಟಿಯನ್ನು ನೋಡಿದ್ದರಂತೆ. ತಿಂಗಳ ಮೇಲೆ ಅಕ್ಕನ ಕಾಗದ ಬಂತು: ಲಾಕರಿನಿಂದ ಸರ ತೆಗೆದುಕೊಟ್ಟೆಯಂತೆ, ಭಾವ ತಂದುಕೊಟ್ಟರು, ಸಂತೋಷವಾಯಿತು. ಓದಿ ಕೈ ನಡುಗಿತು. ರಜೆ ಹಾಕಿ ಬಳ್ಳಾರಿಗೆ ಹೋದೆ. ಬಸ್ ಸ್ಟ್ಯಾಂಡಿಗೆ ಭಾವ ನಡೆದು ಬಂದಿದ್ದರು. "ಸ್ಕೂಟರ್ ಎಲ್ಲಿ ಭಾವ?" ಎಂದೆ. "ಮಾರಿದೆನಪ್ಪಾ. ನಡೆದರೆ ಮೈಗೆ ಒಳ್ಳೇದು" ಎಂದರು.

ಈಗ ಆ ಸುಲಭ ಎಂಬ ಮಾತಿಗೆ ಬರುತ್ತೇನೆ. ಕ್ಷಮೆ ನನಗೆ ಬಿಟ್ಟಿಯಾಗಿ ಸಿಕ್ಕಿತು, ನಿಜ. ಹಾಗೆಂದು ಅದು ಬಿಟ್ಟಿಯಲ್ಲ. ಅದರ ಬೆಲೆ ಇನ್ನೊಬ್ಬರ ಕಾಲಿನ ಮೇಲೆ ಬಿದ್ದಿತ್ತು. ಶಿಲುಬೆಯ ವಿಚಾರದಲ್ಲಿ ಕ್ರೈಸ್ತರು ಹೇಳುವುದೂ ಇದನ್ನೇ: ಲೆಕ್ಕವನ್ನು ಒರೆಸಿದ್ದಲ್ಲ, ಕಟ್ಟಿದ್ದು. ಯಾರಿಗೆ ಕಟ್ಟಿದ್ದು ಎಂದು ಹಿಂದಿನವರು ಬಹಳ ಜಗಳಾಡಿದ್ದಾರೆ. ಸೈತಾನನಿಗೆ ಎಂದರು ಒರಿಗೆನ್‌ನಂಥ ಹಳಬರು. ಸೈತಾನನಿಗೆ ಏನೂ ಸಲ್ಲಬೇಕಿಲ್ಲ, ಕುಂದಿದ್ದು ದೇವರ ಗೌರವ ಎಂದ 11ನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್. ಅದೆಲ್ಲಕ್ಕಿಂತ ಪ್ರೀತಿಯನ್ನು ನೋಡಿ ಎಂದ ಆಮೇಲೆ ಬಂದ ಅಬೆಲಾರ್ಡ್. ನನಗೆ ತೋಚುವುದು, ಹೋಲಿಕೆಯನ್ನು ರಸೀದಿಯವರೆಗೆ ಎಳೆಯಬಾರದು. ಅಂಗಡಿಯವನು ಯಾರು ಎಂಬುದಲ್ಲ, ನಡೆದವರು ಯಾರು ಎಂಬುದು ಮುಖ್ಯ.

ಹಾಗಾದರೆ ಬಿಡುಗಡೆಯಾದವನು ಆರಾಮವಾಗಿರಬಹುದೇ? ಲೂಕನ 19ನೆಯ ಅಧ್ಯಾಯದಲ್ಲಿ ಜಕ್ಕಾಯನೆಂಬ ಸುಂಕದವನಿದ್ದಾನೆ. ಯೇಸು ಅವನಿಗೆ ಮೊದಲು ಲೆಕ್ಕ ಒಪ್ಪಿಸು ಎನ್ನಲಿಲ್ಲ, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ. ಅದಾದ ಮೇಲೆ ಜಕ್ಕಾಯ ತಾನಾಗಿ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಕೊಟ್ಟದ್ದರಿಂದ ಕ್ಷಮೆ ಬಂದದ್ದಲ್ಲ. ಕ್ಷಮೆ ಬಂದದ್ದರಿಂದ ಕೊಡುವ ಕೈ ಬಂತು. ಈ ಹಿಂದುಮುಂದು ತಪ್ಪಿದರೆ ನನ್ನ ಸಹೋದ್ಯೋಗಿ ಹೇಳಿದ ಭಾನುವಾರದ ಒರೆಸುವಿಕೆಯೇ ಉಳಿಯುತ್ತದೆ. ನಮ್ಮಲ್ಲಿ ಹಾಗೆ ಒರೆಸಿಕೊಳ್ಳುವವರಿಲ್ಲ ಎಂದು ನಾನೇನೂ ಹೇಳುವುದಿಲ್ಲ.

ಅಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಇಬ್ಬರೂ ನಡೆದೆವು. ಚೀಲ ನಾನು ಹಿಡಿದಿದ್ದೆ. ಅರ್ಧ ದಾರಿಯಲ್ಲಿ ನಿಂತು, "ಅಕ್ಕನಿಗೆ ನಾನೇ ಹೇಳುತ್ತೇನೆ ಭಾವ" ಎಂದೆ. ಅವರು, "ಊಟ ಆದ ಮೇಲೆ ಹೇಳಪ್ಪಾ, ಮೊದಲೇ ಹೇಳಿದರೆ ಅವಳು ಉಣ್ಣೋದಿಲ್ಲ" ಎಂದರು. ಹಾಗೆಯೇ ಮಾಡಿದೆ.