ದುಡಿಗೆ ಹೊಳೆ ಅಡ್ಡ ಬರುವುದಿಲ್ಲ

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)

ಹಿಂದಿನ ಸಾಲಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುವ ನನ್ನ ಗೆಳೆಯ ಗೆಳತಿಯರೇ,

ಆ ಇಯರ್‌ಫೋನಿನ ಬಗ್ಗೆಯೇ ಮಾತಾಡುವ ಅಂತ ಬಂದಿದ್ದೇನೆ. ಅದರ ಇನ್ನೊಂದು ತುದಿ ಯಾರ ಕಿವಿಯಲ್ಲಿ ಉಂಟು ನೋಡಿ. ಬಸ್ಸಿನಲ್ಲಿ ಪಕ್ಕ ಕೂತವನಿಗೆ "ಇದೊಂದು ಕೇಳು ಮಾರಾಯ" ಅಂತ ಒಂದು ಬದಿ ಕೊಡುತ್ತೇವಲ್ಲ, ಹೆಸರು ಕೇಳುವ ಮೊದಲೇ ಹಾಡು ಕೊಟ್ಟಿರುತ್ತೇವೆ. ಹೆಸರು ಕೇಳಿದರೆ ಮುಂದಿನ ಪ್ರಶ್ನೆ ಮನೆ ಎಲ್ಲಿ ಅಂತ. ಮನೆ ಎಲ್ಲಿ ಅಂತ ಹೇಳಿದರೆ, ಓ ಆ ಕಾಲನಿಯಾ ಅಂತ. ಕಾಲನಿ ಎಂಬ ಶಬ್ದ ಬೇಡ, ನಗರ ಅಂತಲೋ ಬೇರೆ ಹೆಸರೋ ಇಡಿ ಎಂದು ಕೇರಳ ಸರ್ಕಾರ 2024ರ ಜೂನಿನಲ್ಲಿ ಆದೇಶ ಮಾಡಿದೆ. ನಮ್ಮ ಬಸ್ಸಿನ ಕಂಡಕ್ಟರಿಗೆ ಆ ಆದೇಶ ಇನ್ನೂ ತಲುಪಿದ ಹಾಗೆ ಕಾಣುವುದಿಲ್ಲ.

ನಾನು ಬಿಎ ಓದುವ ಕಾಲೇಜಿನಲ್ಲಿ ಕನ್ನಡದವರು ಒಂದು ಕಡೆ, ಮಲಯಾಳದವರು ಒಂದು ಕಡೆ. ಜಗಳ ಎಂತದ್ದೂ ಇಲ್ಲ, ಸುಮ್ಮನೆ ಬೇರೆ ಬೇರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಕ್ಯಾಂಟೀನಿನ ಬೆಂಚು ಇನ್ನೂ ಸೇರಿಲ್ಲ. ಆ ಎರಡು ಬೆಂಚುಗಳ ನಡುವೆ ಮೊದಲು ಓಡಾಡಿದ್ದು ಕಲಾಭವನ್ ಮಣಿಯ ಹಾಡು. ಚಾಲಕ್ಕುಡಿಯಲ್ಲಿ ಆಟೋ ಓಡಿಸುತ್ತಿದ್ದ ದಲಿತ ಮನೆಯ ಹುಡುಗ. ಮಿಮಿಕ್ರಿಯಿಂದ ಸಿನೆಮಾಕ್ಕೆ ಹೋದ, ಆದರೆ ಜನರ ಮನೆಯೊಳಗೆ ಹೋದದ್ದು ನಾಡನ್ ಪಾಟ್ಟಿನ ಕ್ಯಾಸೆಟ್‌ಗಳಿಂದ. 2016ರ ಮಾರ್ಚ್ 6ರಂದು ತೀರಿಕೊಂಡ. ಮಲಯಾಳ ಅಕ್ಷರ ಓದಲು ಬಾರದ ನಮ್ಮ ಮಾವಂದಿರಿಗೂ ಅವನ ಹಾಡು ಬಾಯಿಪಾಠ. ಈಗ ತೃಶೂರಿನ ವೇಡನ್ ಬಂದಿದ್ದಾನೆ. 2020ರ ಅವನ ಮೊದಲ ರ್‍ಯಾಪ್ 'ವಾಯ್ಸ್ ಆಫ್ ದಿ ವಾಯ್ಸ್‌ಲೆಸ್' ಜಾತಿಯನ್ನೇ ನೇರ ಮಾತಾಡಿತು. ನಮ್ಮ ಸಂಘದ ಅರ್ಧ ಹುಡುಗರ ಸ್ಟೇಟಸ್ ಅವನದ್ದೇ. ಅವನ ಮೇಲೆ ಕೇಸುಗಳೂ ಬಂದಿವೆ, ಅದನ್ನು ಕೋರ್ಟು ನೋಡಲಿ. ಹಾಡು ಇಷ್ಟ ಆಯಿತು ಅಂತ ಹಾಡಿದವನನ್ನು ದೇವರು ಮಾಡುವ ಅಭ್ಯಾಸ ನಮಗೆ ಬೇಡ, ದೇವರುಗಳಿಂದ ನಮಗೆ ಆದದ್ದು ಸಾಕು.

ಆದರೆ ನಾನು ಹೇಳಬೇಕು ಅಂತ ಬಂದದ್ದು ಮಂಗಲಂಕಳಿಯ ಸುದ್ದಿ.

2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ರಾಜ್ಯ ಶಾಲಾ ಕಲೋತ್ಸವದಲ್ಲಿ ಮೊದಲ ಸಲ ಐದು ಬುಡಕಟ್ಟು ಕಲೆಗಳನ್ನು ಸ್ಪರ್ಧೆಗೆ ಸೇರಿಸಿದರು. ಅದರಲ್ಲಿ ಒಂದು ಮಂಗಲಂಕಳಿ, ನಮ್ಮದೇ ಜಿಲ್ಲೆಯ ಮಾವಿಲರು ಮತ್ತು ಮಲವೇಟ್ಟುವರು ಮದುವೆ ಚಪ್ಪರದಲ್ಲಿ ಆಡುವ ಕುಣಿತ. ನಡುವಿನ ಕಂಬದ ಸುತ್ತ ಗಂಡಸರು ಹೆಂಗಸರು ಒಟ್ಟಿಗೆ ಸುತ್ತು ಬರುತ್ತಾರೆ, ತಾಳಕ್ಕೆ ತುಡಿ. ನಾನು ಅದನ್ನು ಫೋನಿನಲ್ಲಿ ನೋಡುತ್ತಿದ್ದೆ. ಕುಣಿತ ಚಂದ ಉಂಟು ಅಂತ ನೋಡುತ್ತಿದ್ದವನಿಗೆ ಸ್ವಲ್ಪ ಹೊತ್ತಾದ ಮೇಲೆ ಕಿವಿ ನೆಟ್ಟಗಾಯಿತು. ಮಾವಿಲರ ಹಾಡು ತುಳುವಿನಲ್ಲಿ ಉಂಟು!

ಯೋಚನೆ ಮಾಡಿ. ಚಂದ್ರಗಿರಿ ಹೊಳೆ ದಾಟಿದರೆ ತುಳುನಾಡು ಮುಗಿಯಿತು ಅಂತ ನಮಗೆ ಸಣ್ಣಂದಿನಿಂದ ಹೇಳಿದ್ದಾರೆ. ಮಾವಿಲರು ಇರುವುದು ಹೊಳೆಯ ಆಚೆ, ಹೊಸದುರ್ಗ, ವೆಳ್ಳರಿಕುಂಡು ತಾಲೂಕಿನ ಗುಡ್ಡಗಳಲ್ಲಿ. ಮನೆಮಾತು ಮಾತ್ರ ತುಳು. ನಮ್ಮ ಅಜ್ಜಿ ನೇಜಿ ನೆಡುವಾಗ ಪಾಡ್ದನ ಹೇಳುವ ಅದೇ ಭಾಷೆ. ಒಬ್ಬಳು ಎತ್ತಿ ಹೇಳುವುದು, ಉಳಿದವರು ಬಗ್ಗಿದಲ್ಲಿಂದಲೇ ಸೊಲ್ಲು ಕೊಡುವುದು. ಅವರು ತುಡಿ ಅನ್ನುವುದನ್ನು ನಮ್ಮ ಮೊಗೇರರ ಮನೆಗಳಲ್ಲಿ ದುಡಿ ಅನ್ನುತ್ತಾರೆ. ಕನ್ನಡದಲ್ಲಿ ದುಡಿ ಅಂದರೆ ಕೆಲಸ ಮಾಡು ಅಂತಲೂ ಆಯಿತಲ್ಲ. ನಮಗೆ ಎರಡೂ ಸರಿಯೇ. ಸರ್ಕಾರದ ಪಟ್ಟಿಯಲ್ಲಿ ಅವರು ಎಸ್‌ಟಿ, ನಾವು ಎಸ್‌ಸಿ. ಶಾಲೆಯಲ್ಲಿ ಅವರದ್ದು ಮಲಯಾಳ, ನಮ್ಮದು ಕನ್ನಡ. ಇಷ್ಟು ಹತ್ತಿರ ಇದ್ದು ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಮರುದಿನ ಕಾಲೇಜಿನಲ್ಲಿ ಆ ಕಡೆಯ ಒಬ್ಬ ಹುಡುಗನಿಗೆ ವಿಡಿಯೋ ತೋರಿಸಿ ತುಳುವಿನಲ್ಲೇ ಮಾತಾಡಿಸಿದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿ, ನಿಂಗೆ ಹೇಗೆ ಗೊತ್ತು ಅಂತ ಕೇಳಿದ. ಒಂದೂವರೆ ವರ್ಷದಿಂದ ಒಂದೇ ಕ್ಲಾಸಿನಲ್ಲಿ ಇದ್ದೆವು, ಗೊತ್ತುಂಟಾ?

ಈಗ ಹಿರಿಯರ ಒಂದು ಮಾತಿಗೆ ಬರುತ್ತೇನೆ. ದುಡಿಯ ವಿಷಯ ಮೀಟಿಂಗಿನಲ್ಲಿ ಎತ್ತಿದಾಗ ಒಬ್ಬ ಅಜ್ಜ ಎದ್ದು, "ಆ ಚರ್ಮ ಬಿಡಿಸಿಕೊಳ್ಳಲಿಕ್ಕೆ ನಾವು ಎಷ್ಟು ಒದ್ದಾಡಿದ್ದೇವೆ, ನೀವು ತಿರುಗಿ ಕೊರಳಿಗೆ ಹಾಕಿಕೊಳ್ತೀರಾ?" ಅಂದರು. ಅವರ ಮಾತನ್ನು ನಗಾಡಿ ಬಿಡುವ ಹಾಗಿಲ್ಲ. ಕಂಬಳದ ಮುನ್ನಾ ರಾತ್ರಿ ಪನಿಯಲ್ಲಿ ಕೂತು ಡೋಲು ಬಡಿಯುವುದು ಕೊರಗರ ಪಾಲಿನ ಚಾಕರಿ ಆಗಿತ್ತು. ಕೊರಗರನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕದಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾದರೆ 2000ನೇ ಇಸವಿ ಬರಬೇಕಾಯಿತು. ಘಟ್ಟದ ಮೇಲೆ ತಮಟೆಯ ಕಥೆಯೂ ಅದೇ, ಸಾವಿಗೆ ಬಡಿ, ಜಾತ್ರೆಗೆ ಬಡಿ, ಊರಿನ ಹೊರಗೆ ನಿಲ್ಲು.

ಆದರೆ ಅದೇ ತಮಟೆಯನ್ನು ದಲಿತ ಸಂಘರ್ಷ ಸಮಿತಿಯವರು ಮೆರವಣಿಗೆಯ ಮುಂದೆ ತಂದು ನಿಲ್ಲಿಸಿದರು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಗಿ ಬಂತು. ಪುಸ್ತಕ ಓದಲು ಬಾರದವರಿಗೂ ಆ ಹಾಡುಗಳು ಗೊತ್ತಿದ್ದವು, ಯಾಕಂದರೆ ಅವನ್ನು ಬೀದಿಯಲ್ಲಿ ಹಾಡುತ್ತಿದ್ದರು. 2023ರಲ್ಲಿ ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಚರ್ಮ ಅದೇ. ಬಡಿ ಅಂತ ಹೇಳುವವನು ಯಾರು ಎಂಬುದು ಬೇರೆ. ನಾವಾಗಿ ಬಾರಿಸಿ ನೆರೆಯವರನ್ನು ಕರೆದರೆ ಅದು ಚಾಕರಿ ಅಲ್ಲ, ಆಮಂತ್ರಣ. ಅಜ್ಜನಿಗೆ ಇದನ್ನು ಹೇಳಿದೆ, ಅವರು ಒಪ್ಪಲಿಲ್ಲ. ಒಪ್ಪದೆ ಇದ್ದರೂ ದುಡಿಗೆ ಹಗ್ಗ ಬಿಗಿಯುವುದು ಹಾಗಲ್ಲ ಹೀಗೆ ಅಂತ ತೋರಿಸಿಕೊಟ್ಟರು.

ಈ ವರ್ಷ ಸಂಘದಲ್ಲಿ ದೊಡ್ಡ ಚರ್ಚೆ ಬಾಕ್ಸ್ ತೆಗೆಯುವುದಾ ಅಂತ. ಡಿಜೆ ಬಾಕ್ಸ್ ಬೇಡ ಅಂತ ನಾನು ಹೇಳುವುದಿಲ್ಲ, ನನಗೂ ಕುಣಿಯಲಿಕ್ಕೆ ಇಷ್ಟ. ಆದರೆ ಬಾಕ್ಸ್ ಹಾಕಿದ ದಿನ ಆಚೆ ಮನೆಯವರು ಕಿಟಕಿ ಮುಚ್ಚುತ್ತಾರೆ. ದುಡಿ ಕೇಳಿದ ದಿನ ಗೇಟಿನ ತನಕ ಬಂದು ನಿಲ್ಲುತ್ತಾರೆ, ಇದನ್ನು ನಾನು ಎರಡು ಸಲ ನೋಡಿದ್ದೇನೆ. ಮತ್ತೆ, ಬಾಕ್ಸ್ ಹತ್ತು ವರ್ಷ ಬಿಟ್ಟೂ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ನಗರದಲ್ಲಿ ಪಾಡ್ದನ ಪೂರ್ತಿ ಹೇಳಲು ಬರುವ ಅಜ್ಜಿಯರು ಈಗ ಇಬ್ಬರೇ, ದುಡಿಯ ಎಲ್ಲ ಪೆಟ್ಟು ಗೊತ್ತಿರುವವರು ಮೂವರು. ಅವರಲ್ಲಿ ಒಬ್ಬರಿಗೆ ಹಲ್ಲಿಲ್ಲ, ಒಬ್ಬರಿಗೆ ಕಿವಿ ಮಂದ.

ಆದ್ದರಿಂದ ಹಿಂದಿನ ಸಾಲಿನವರಿಗೆ ಒಂದು ಕೆಲಸ. ಬರುವ ಭಾನುವಾರ ಮೂರು ಗಂಟೆಗೆ ಎಲ್ಲರೂ ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ರೆಕಾರ್ಡ್ ಮಾಡಲಿಕ್ಕೆ ಉಂಟು. ನನ್ನ ಕ್ಲಾಸಿನ ಆ ಹುಡುಗ ಅವನ ಮಾವನನ್ನು ಕರೆದುಕೊಂಡು ಹೊಳೆಯಾಚೆಯಿಂದ ಬರುತ್ತಾನಂತೆ, ತುಡಿ ಸಮೇತ. ಚರ್ಮ ಕಾಯಿಸಲು ಬೆಂಕಿ ಬೇಕು, ಯಾರಾದರೂ ಒಂದು ಹೊರೆ ಒಣಹುಲ್ಲು ತನ್ನಿ. ಮಳೆ ಬಂದರೆ ಅಂಗನವಾಡಿಯ ಜಗಲಿಯಲ್ಲಿ.