ಜೊತೆಗಾರರಿಲ್ಲದೆ ಹೊರಟವರ ಟಿಕೆಟ್



ರೈಲಿನ ರಿಯಾಯಿತಿಯೆಲ್ಲ ನಿಂತೇ ಹೋಯಿತು ಎಂದುಕೊಂಡವರು ನಮ್ಮಲ್ಲಿ ಹಲವರಿದ್ದಾರೆ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತದ್ದು ನಿಜ. ಆದರೆ ಅಂಗವಿಕಲರಲ್ಲಿ ನಾಲ್ಕು ವರ್ಗದವರಿಗೆ ರಿಯಾಯಿತಿ ಮುಂದುವರಿಯಿತು. ಒಬ್ಬರ ನೆರವಿಲ್ಲದೆ ಪ್ರಯಾಣ ಮಾಡಲಾಗದ ಕೈಕಾಲಿನ ವೈಕಲ್ಯವುಳ್ಳವರು, ಹಾಗೆಯೇ ನೆರವು ಬೇಕಾದ ಬುದ್ಧಿಮಾಂದ್ಯರು, ದೃಷ್ಟಿ ಪೂರ್ತಿ ಇಲ್ಲದವರು: ಇವರಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಶೇ. 75, ಟೂ ಟಯರ್ ಎಸಿಯಲ್ಲಿ ಶೇ. 50. ಕಿವಿಯೂ ಕೇಳದ, ಮಾತೂ ಬಾರದವರಿಗೆ ಸ್ಲೀಪರ್‌ನಲ್ಲಿ ಶೇ. 50. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ರೈಲ್ವೆಯ ನಮೂನೆಯಲ್ಲೇ ಸರ್ಕಾರಿ ವೈದ್ಯರಿಂದ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಅದರ ಮೇಲೆ ರೈಲ್ವೆ ಕೊಡುವ ಗುರುತಿನ ಕಾರ್ಡಿಗೆ ಈಗ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಆದರೆ ನಮ್ಮ ಸೀಮೆಯಲ್ಲಿ ರೈಲು ಹತ್ತುವ ಮೊದಲೇ ಅರ್ಧ ದಣಿವು. ಮೀರಜ್‌ನಿಂದ ಬೆಳಗಾವಿಗೆ ಹೋಗುವ ಹಳಿಯ ಮೇಲೆ ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಇವೆ. ಚಿಕ್ಕೋಡಿ ರೋಡ್ ಎಂಬ ಸ್ಟೇಷನ್ನೂ ಇದೆ, ಚಿಕ್ಕೋಡಿ ಊರು ಮಾತ್ರ ಅಲ್ಲಿಂದ ದೂರ. ಅಥಣಿಗೂ ನಿಪ್ಪಾಣಿಗೂ ಹಳಿಯೇ ಇಲ್ಲ. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ಬಸ್ ಪಾಸು ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ, ಅದು ದೊಡ್ಡ ಆಸರೆ, ನಿಜ. ಆದರೆ ಬಸ್ಸಿನ ಎತ್ತರದ ಮೆಟ್ಟಿಲನ್ನು ಪಾಸು ತಗ್ಗಿಸುವುದಿಲ್ಲ. ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ಅಂಗವಿಕಲರ ಡಬ್ಬಿ ಗಾಡಿಯ ತುದಿಗೆ. ಊರುಗೋಲು ಹಿಡಿದವರು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಬೇಕೇ?

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ನೆರವಿಲ್ಲದೆ ಪ್ರಯಾಣ ಮಾಡಲಾಗದವರಿಗಷ್ಟೇ ಎಂಬ ರೈಲ್ವೆಯ ಷರತ್ತು. ಕಾಲಿಗೆ ಪೋಲಿಯೊ ತಗುಲಿದ ಹೆಣ್ಣುಮಗಳೊಬ್ಬಳು ಕ್ಯಾಲಿಪರ್ ಕಟ್ಟಿಕೊಂಡು ಒಬ್ಬಳೇ ಹುಬ್ಬಳ್ಳಿಗೆ ಪರೀಕ್ಷೆ ಬರೆಯಲು ಹೊರಟಳು ಎನ್ನಿ. ಒಬ್ಬಳೇ ಹೋಗಬಲ್ಲಳು ಎಂಬ ಕಾರಣಕ್ಕೇ ಆಕೆಗೆ ಪೂರ್ತಿ ದರ! ಕ್ಯಾಲಿಪರ್ ರಿಪೇರಿ, ಸ್ಟೇಷನ್ನಿಗೆ ಆಟೋ, ಕೂಲಿಗೆ ಕೊಟ್ಟ ದುಡ್ಡು, ಇವೆಲ್ಲ ಆಕೆಯ ಪ್ರಯಾಣದ ಖರ್ಚೇ ಅಲ್ಲವೇ? ಮಕ್ಕಳಿಗೆ ಸ್ವಂತ ಕಾಲ ಮೇಲೆ ನಿಲ್ಲಿ ಎಂದು ಶಾಲೆಯಲ್ಲೂ ಮನೆಯಲ್ಲೂ ಹೇಳಿ, ನಿಂತ ಮೇಲೆ ರಿಯಾಯಿತಿ ಕಿತ್ತುಕೊಳ್ಳುವುದು ನ್ಯಾಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಒಪ್ಪಿದೆ. ಮಂದದೃಷ್ಟಿಯವರು ಅದರಲ್ಲಿದ್ದಾರೆ, ಮಾತು ಬಂದರೂ ಕಿವಿ ಕೇಳದವರಿದ್ದಾರೆ. ರೈಲ್ವೆಯ ಆ ನಾಲ್ಕು ವರ್ಗಗಳಲ್ಲಿ ಇವರಿಗೆ ಜಾಗವಿಲ್ಲ.

ನಮ್ಮ ಸೀಮೆಯ ಎಲ್ಲ ತಾಲೂಕಿನ ಸಂಘಸಂಸ್ಥೆಗಳು ಸೇರಿ ಹುಬ್ಬಳ್ಳಿ ವಿಭಾಗದ ಕಚೇರಿಗೂ ನಮ್ಮ ಸಂಸದರಿಗೂ ನೆರವು ಬೇಕಾದವರಿಗಷ್ಟೇ ಎಂಬ ಷರತ್ತು ತೆಗೆಯಿರಿ ಎಂದು ಬರೆಯೋಣ. ನಾಲ್ಕು ವರ್ಗದಲ್ಲಿ ಬರುವವರು ನಿಮ್ಮ ಓಣಿಯಲ್ಲಿದ್ದರೆ ಅಲ್ಲಿಯವರೆಗೆ ಕಾಯಬೇಡಿ. ಅವರ ಕಾರ್ಡಿನ ಅರ್ಜಿಯನ್ನು ಈ ವಾರವೇ ಕೂತು ತುಂಬಿಸಿಕೊಡಿ.