ನವೆಂಬರ್ ಐದನೆಯ ತಾರೀಖು

(ಸಾಂಗಲಿಯಲ್ಲಿ ನಡೆದ ಶಾಲಾ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣದ ಲಿಖಿತರೂಪ)



ಇಂದು ನವೆಂಬರ್ ತಿಂಗಳ ಐದನೆಯ ತಾರೀಖು. ಈ ದಿನ ಬಂದು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಪತ್ರ ಬರೆದಾಗ, ವಿಷಯವನ್ನು ಹುಡುಕುವ ಶ್ರಮ ನನಗೆ ಬೀಳಲಿಲ್ಲ. ತಾರೀಖೇ ವಿಷಯವನ್ನು ಒದಗಿಸಿತು. ಈ ದಿನಕ್ಕೂ ಸಾಂಗಲಿಗೂ ಒಂದು ಸಂಬಂಧವುಂಟು. ಈ ದಿನಕ್ಕೂ ಕನ್ನಡಕ್ಕೂ ಒಂದು ಸಂಬಂಧವುಂಟು. ಈ ದಿನಕ್ಕೂ ನನಗೂ ಒಂದು ಚಿಕ್ಕ ಸಂಬಂಧವುಂಟು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡೋಣ.

ಒಂದು ಮಾತನ್ನು ಮೊದಲೇ ಹೇಳಿಬಿಡುವೆನು. ತಾರೀಖಿನಲ್ಲಿ ಯಾವ ಮಂತ್ರಶಕ್ತಿಯೂ ಇಲ್ಲ. ನಮ್ಮ ಹಿರಿಯರು ತಿಥಿಯನ್ನು ನೆನಪಿಡುತ್ತಿದ್ದರೇ ಹೊರತು ತಾರೀಖನ್ನಲ್ಲ. ಆದರೂ ತಾರೀಖು ಗೋಡೆಗೆ ಬಡಿದ ಗೂಟದಂತೆ ಉಪಯೋಗಕ್ಕೆ ಬರುತ್ತದೆ. ಬೇರೆ ಬೇರೆ ಕಾಲದ ಸಂಗತಿಗಳನ್ನು ಒಂದೇ ಗೂಟಕ್ಕೆ ತೂಗುಹಾಕಿದಾಗ ಅವು ಒಂದಕ್ಕೊಂದು ಹತ್ತಿರ ಬರುತ್ತವೆ. ಹತ್ತಿರ ಬಂದಾಗ ಹೊಸ ಅರ್ಥ ಹೊಳೆಯುತ್ತದೆ.

ನಿಮ್ಮ ಇತಿಹಾಸದ ಪುಸ್ತಕದಲ್ಲಿ ಪಾನಿಪತದ ಎರಡನೆಯ ಯುದ್ಧದ ಪಾಠವಿದೆಯಷ್ಟೆ. ಅದು ನಡೆದುದು ೧೫೫೬ನೆಯ ಇಸವಿಯ ನವೆಂಬರ್ ೫ರಂದು. ಕಣ್ಣಿಗೆ ಬಾಣ ನಾಟಿ ಹೇಮು ಬಿದ್ದನು. ಅವನ ಸೈನ್ಯ ಚದರಿತು. ಹದಿನಾಲ್ಕು ವರ್ಷದ ಅಕ್ಬರನಿಗೆ ದಿಲ್ಲಿಯ ಸಿಂಹಾಸನ ಉಳಿಯಿತು. ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಹುಡುಗರ ವಯಸ್ಸೇ ಆಗ ಅವನ ವಯಸ್ಸು.

ಆ ಯುದ್ಧಕ್ಕೆ ಸರಿಯಾಗಿ ನಾನೂರು ವರ್ಷ ತುಂಬಿದ ದಿನ, ಅಂದರೆ ೧೯೫೬ನೆಯ ಇಸವಿಯ ನವೆಂಬರ್ ೫, ಸೋಮವಾರ, ನಾನು ಹುಟ್ಟಿದೆನು. ನನ್ನ ಓರಗೆಯವರಲ್ಲಿ ಅನೇಕರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ ಒಂದು ಎಂದೇ ಇದೆ. ಹುಡುಗನನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲದಿದ್ದರೆ ಗುರುಗಳು ಆ ತಾರೀಖನ್ನು ಬರೆದುಬಿಡುತ್ತಿದ್ದರು. ನನ್ನ ತಂದೆಯವರು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರಿಂದ ನನ್ನ ತಾರೀಖು ಉಳಿಯಿತು. ಅದೇ ದಿನ ಈಜಿಪ್ತದ ಪೋರ್ಟ್ ಸೈದಿನಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಸೈನಿಕರು ಆಕಾಶದಿಂದ ಇಳಿದರು. ಸುಯೆಜ್ ಕಾಲುವೆಗಾಗಿ ನಡೆದ ಆ ಕಾಳಗವು ಬೇಗನೆ ನಿಂತಿತು. ಮುಂದೆ ಶಾಂತಿಯನ್ನು ಕಾಯುವುದಕ್ಕಾಗಿ ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮ ದೇಶದ ಸೈನಿಕರೂ ಅಲ್ಲಿಗೆ ಹೋದರು.

ಆದರೆ ನಮ್ಮ ಮನೆಯ ಮಟ್ಟಿಗೆ ದೊಡ್ಡ ಸಂಗತಿಯು ನಾಲ್ಕು ದಿನ ಮೊದಲೇ ನಡೆದಿತ್ತು. ನನ್ನ ತಂದೆಯವರ ಮನೆ ಮಿರಜದಲ್ಲಿ. ತಾಯಿಯ ತವರು ಶೇಡಬಾಳ. ಅವ್ವ ಬಾಣಂತನಕ್ಕೆಂದು ತವರಿಗೆ ಹೋದಾಗ ಎರಡು ಊರುಗಳೂ ಮುಂಬಯಿ ರಾಜ್ಯದಲ್ಲಿಯೇ ಇದ್ದುವು. ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಿತು. ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನೊಡನೆ ಶೇಡಬಾಳವು ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ಮಿರಜವು ಮುಂಬಯಿ ರಾಜ್ಯದಲ್ಲಿ ಉಳಿಯಿತು. ನಾನು ಮೈಸೂರು ರಾಜ್ಯದಲ್ಲಿ ಹುಟ್ಟಿ, ತೊಟ್ಟಿಲಿನ ಶಾಸ್ತ್ರ ಮುಗಿಸಿಕೊಂಡು, ಅವ್ವನ ಮಡಿಲಲ್ಲಿ ಮುಂಬಯಿ ರಾಜ್ಯಕ್ಕೆ ಬಂದೆನು. ನಡುವಿನ ದಾರಿ ರೈಲಿನಲ್ಲಿ ನಾಲ್ಕಾರು ಹರದಾರಿ. ಆ ಗಡಿಯ ಬಗ್ಗೆ ಹಿರಿಯರು ಕಟ್ಟೆಯ ಮೇಲೆ ಬಿಸಿಬಿಸಿಯಾಗಿ ಮಾತಾಡುತ್ತಿದ್ದಾಗ ಅವ್ವ ಒಳಗಿನಿಂದ, “ಗೆರಿ ಎಲ್ಲಿ ಹಾಕ್ಯಾರೋ ಏನೋ, ಗಾಡ್ಯಾಗ ಕುಂತ್ರ ಕಾಣಂಗಿಲ್ಲ” ಎನ್ನುತ್ತಿದ್ದಳಂತೆ. ಪ್ರತಿವರ್ಷ ಪಂಚಮಿಗೆ ಅವಳು ತವರಿಗೆ ಹೋಗುವುದು ತಪ್ಪಲಿಲ್ಲ.

ಗೆರೆ ಕಾಣದಿದ್ದರೂ ಅದರ ಪರಿಣಾಮ ಇದ್ದೇ ಇತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಶೇಡಬಾಳದ ನನ್ನ ಸೋದರಮಾವನ ಮಕ್ಕಳಿಗೆ ಕನ್ನಡವು ರಾಜ್ಯದ ಭಾಷೆಯಾಯಿತು. ನನಗೆ ಅದು ಮನೆಯ ಮತ್ತು ಶಾಲೆಯ ಭಾಷೆಯಾಗಿ ಉಳಿಯಿತು. ಆದರೆ ಅದೇ ನವೆಂಬರ್ ೧ರಂದು ಇನ್ನೊಂದು ಕೆಲಸವೂ ಆಯಿತು. ಪಾಲಕರು ಇದನ್ನು ಗಮನವಿಟ್ಟು ಕೇಳಬೇಕು. ಸಂವಿಧಾನದ ಏಳನೆಯ ತಿದ್ದುಪಡಿಯು ಅಂದೇ ಜಾರಿಗೆ ಬಂದಿತು. ಅದರ ಮೂಲಕ ಸೇರಿದ ೩೫೦-ಎ ಎಂಬ ಕಲಮು, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಕೊಡಲು ಸಾಕಷ್ಟು ಅನುಕೂಲತೆಗಳನ್ನು ಒದಗಿಸುವ ಪ್ರಯತ್ನವನ್ನು ಪ್ರತಿಯೊಂದು ರಾಜ್ಯವೂ ಮಾಡಬೇಕೆಂದು ಹೇಳುತ್ತದೆ. ಗಡಿಯನ್ನು ಎಳೆದ ದಿನವೇ, ಗಡಿಯ ಆಚೆ ಈಚೆ ಉಳಿದ ಮಕ್ಕಳನ್ನು ದೇಶವು ನೆನೆಯಿತು. ನಾನು ಕಲಿತ ಕನ್ನಡ ಶಾಲೆಯೂ ನೀವು ಕಲಿಯುತ್ತಿರುವ ಶಾಲೆಯೂ ಯಾರ ದಯೆಯಿಂದಲೂ ನಡೆದುವಲ್ಲ. ಪುಣೆಯ ಬಾಲಭಾರತಿಯು ನಿಮಗಾಗಿ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಮಾಡುವುದೂ ಈ ತತ್ತ್ವಕ್ಕೆ ಅನುಗುಣವಾಗಿಯೇ ಇದೆ.

ಈಗ ನಾವು ಕುಳಿತಿರುವ ಈ ಊರಿಗೆ ಬರೋಣ. ಸಾಂಗಲಿಯಲ್ಲಿ ಇಂದು ನಮ್ಮದೊಂದೇ ಉತ್ಸವವಲ್ಲ. ಪ್ರತಿವರ್ಷ ಈ ತಾರೀಖನ್ನು ಮಹಾರಾಷ್ಟ್ರವೆಲ್ಲ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತದೆ. ಈ ಊರಿನಲ್ಲಿ ಹಿರಿಯ ನಟರೊಬ್ಬರಿಗೆ ವಿಷ್ಣುದಾಸ ಭಾವೆಯವರ ಹೆಸರಿನ ಗೌರವಪದಕ ಕೊಡುವ ಸಂಪ್ರದಾಯವಿದೆ. ೧೮೪೩ನೆಯ ಇಸವಿಯ ನವೆಂಬರ್ ೫ರಂದು ಸಾಂಗಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರ ಎದುರಿಗೆ ಭಾವೆಯವರು “ಸೀತಾ ಸ್ವಯಂವರ” ನಾಟಕವನ್ನು ಆಡಿಸಿದರು. ಅಂದಿನಿಂದ ಮರಾಠಿಯ ಆಧುನಿಕ ರಂಗಭೂಮಿಯ ಕಾಲವನ್ನು ಎಣಿಸುತ್ತಾರೆ.

ಈ ಕತೆಯನ್ನು ನಾನು ಮೊದಲು ಕೇಳಿದುದು ಕನ್ನಡದ ಮೇಷ್ಟರಿಂದ ಅಲ್ಲ. ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ ನಾನು ಮರಾಠಿ ಹೈಸ್ಕೂಲಿಗೆ ಸೇರಿದ್ದೆನು. ಅಲ್ಲಿಯ ಮರಾಠಿ ಗುರುಗಳು ಭಾವೆಯವರ ವೃತ್ತಾಂತವನ್ನು ಸ್ವಾರಸ್ಯವಾಗಿ ಹೇಳುತ್ತ ಬಂದು, ನಡುವೆ ನಿಲ್ಲಿಸಿ, ಹಿಂದಿನ ಬಾಕಿನಲ್ಲಿದ್ದ ನಮ್ಮ ಮೂವರ ಕಡೆಗೆ ಕೈ ತೋರಿಸಿ, “ಈ ಬೀಜ ಬಂದದ್ದು ಇವರ ಸೀಮೆಯಿಂದ” ಎಂದು ನುಡಿದರು. ಇಡೀ ವರ್ಗ ತಿರುಗಿ ನಮ್ಮನ್ನು ನೋಡಿತು. ಅಂದು ನನ್ನ ಎದೆ ಎಷ್ಟು ಹಿಗ್ಗಿತೆಂಬುದನ್ನು ಮಾತಿನಲ್ಲಿ ಹೇಳಲಾರೆ.

ಗುರುಗಳು ಹೇಳಿದುದು ಸತ್ಯ. ಅದಕ್ಕಿಂತ ಸುಮಾರು ಒಂದು ವರ್ಷ ಮೊದಲು, ೧೮೪೨ರಲ್ಲಿ, ಉತ್ತರ ಕನ್ನಡದ ಕಡೆಯಿಂದ ಭಾಗವತ ಮೇಳವೊಂದು ಸಾಂಗಲಿಗೆ ಬಂದಿತ್ತು. ಹೊನ್ನಾವರದ ಬಳಿಯ ಕರ್ಕಿಯ ಮೇಳವೇ ಅದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆ ಆಟವನ್ನು ಕಂಡ ಚಿಂತಾಮಣರಾಯರು ಇಂಥದೇ ಪ್ರಯೋಗವು ಮರಾಠಿಯಲ್ಲಿಯೂ ಆಗಬೇಕೆಂದು ಬಯಸಿ, ತಮ್ಮ ಆಶ್ರಯದಲ್ಲಿದ್ದ ತರುಣ ಭಾವೆಯವರಿಗೆ ಆ ಕೆಲಸವನ್ನು ವಹಿಸಿದರು.

ಭಾವೆಯವರ ನಾಟಕದ ಕ್ರಮವನ್ನು ನೋಡಿದರೆ, ಬಯಲಾಟ ನೋಡಿದ ನಿಮ್ಮ ಅಜ್ಜ ಅಜ್ಜಿಯರು ಕೂಡಲೇ ಗುರುತು ಹಿಡಿಯುವರು. ಮೊದಲು ಗಣಪತಿಯ ಸ್ತುತಿ, ಗಣಪತಿಯ ಆಗಮನ, ಆಮೇಲೆ ಸರಸ್ವತಿ, ನಡುನಡುವೆ ನಗಿಸುವ ವಿದೂಷಕ. ಮೇಳದಲ್ಲಿ ಭಾಗವತನು ಪದ ಹೇಳುವಂತೆ ಇಲ್ಲಿ ಸೂತ್ರಧಾರನು ಪದ ಹೇಳುವನು. ಪದದ ಅರ್ಥವನ್ನು ಪಾತ್ರಧಾರಿಗಳು ತಮ್ಮ ತಮ್ಮ ಮಾತಿನಲ್ಲಿ ಆಗಿಂದಾಗ ಬೆಳೆಸುವರು. ರಾಕ್ಷಸರು ಕತ್ತಿ ಝಳಪಿಸುತ್ತ ಅಬ್ಬರಿಸಿಕೊಂಡು ಬರುವರು. ಆದರೆ ಭಾವೆಯವರು ಬರಿಯ ಅನುಕರಣ ಮಾಡಲಿಲ್ಲ. ಪದಗಳನ್ನು ಮರಾಠಿಯಲ್ಲಿ ತಾವೇ ರಚಿಸಿ, ತಮ್ಮ ಜನರ ಅಭಿರುಚಿಗೆ ತಕ್ಕಂತೆ ಆಟವನ್ನು ತಿದ್ದಿದರು. ೧೮೫೧ರಲ್ಲಿ ಚಿಂತಾಮಣರಾಯರು ತೀರಿಕೊಂಡು ಆಶ್ರಯ ತಪ್ಪಿದಾಗ, ಭಾವೆಯವರು ಎದೆಗುಂದದೆ ಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಿದರು. ೧೮೫೩ರಲ್ಲಿ ಮುಂಬಯಿಯಲ್ಲಿ ನಾಟಕ ಆಡಿದರು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಸಾಂಗಲಿಯಿಂದ ಹೊರಟ ಈ ಕಲೆ ಮತ್ತೆ ಕನ್ನಡ ನಾಡಿಗೆ ಮರಳಿತು. ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ಬಂದು ನಾಟಕ ಆಡತೊಡಗಿದುವು; ಕನ್ನಡಿಗರು ಮುಗಿಬಿದ್ದು ನೋಡಿದರು. ಆಗ ಗದುಗಿನಲ್ಲಿದ್ದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ನಮ್ಮ ಜನ ನಮ್ಮ ಭಾಷೆಯಲ್ಲಿ ಏಕೆ ನಾಟಕ ನೋಡಬಾರದೆಂದು ಯೋಚಿಸಿದರು. ಅವರು ಬಂದ ಮಂಡಳಿಗಳೊಡನೆ ಜಗಳಕ್ಕೆ ನಿಲ್ಲಲಿಲ್ಲ. ತಾವೇ ಕನ್ನಡದಲ್ಲಿ ನಾಟಕಗಳನ್ನು ಬರೆದು, ೧೮೭೦ರ ದಶಕದಲ್ಲಿ ಗದುಗಿನಲ್ಲಿ ಮಂಡಳಿಯೊಂದನ್ನು ಕಟ್ಟಿ ಆಡಿಸಿದರು. ಉತ್ತರ ಕರ್ನಾಟಕದ ವೃತ್ತಿರಂಗಭೂಮಿಗೆ ಅಲ್ಲಿ ಅಡಿಗಲ್ಲು ಬಿದ್ದಿತು. ಮರಾಠಿ ಸಂಗೀತ ನಾಟಕಕ್ಕೆ ೧೮೮೦ರಲ್ಲಿ “ಶಾಕುಂತಲ”ದ ಮೂಲಕ ಹೊಸ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದಾದರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅದೂ ೧೮೪೩ರಲ್ಲಿಯೇ.

ಸಂಗೀತದ ಮಾತೂ ಹೀಗೆಯೇ. ಉತ್ತರದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಮ್ ಖಾನರು ಮಿರಜವನ್ನು ತಮ್ಮ ಊರಾಗಿ ಮಾಡಿಕೊಂಡರು. ೧೯೩೭ರಲ್ಲಿ ತೀರಿಕೊಂಡ ಅವರ ಸಮಾಧಿ ಮೀರಾಸಾಹೇಬರ ದರ್ಗಾದ ಆವರಣದಲ್ಲಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು.

ಇದೇನೂ ಆಕಸ್ಮಿಕವಲ್ಲ. ೧೯೪೮ರ ಮಾರ್ಚ್ ೮ರಂದು ವಿಲೀನವಾಗುವವರೆಗೆ ಶಿರಹಟ್ಟಿ, ತೇರದಾಳಗಳು ಸಾಂಗಲಿ ಸಂಸ್ಥಾನದಲ್ಲಿದ್ದುವು. ಲಕ್ಷ್ಮೇಶ್ವರವು ಮಿರಜದ ಹಿರಿಯ ಸಂಸ್ಥಾನದಲ್ಲಿತ್ತು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕವಿರಾಜಮಾರ್ಗವು ತಿರುಳುಗನ್ನಡದ ನಾಡಿನ ಎಲ್ಲೆಯಾಗಿ ಹೆಸರಿಸುವ ಊರುಗಳಲ್ಲಿ ಅದೊಂದು. ಈ ದರಬಾರುಗಳಿಗೆ ಕನ್ನಡವು ಹೊರಗಿನಿಂದ ಬಂದ ಭಾಷೆಯಾಗಿರಲಿಲ್ಲ.

ಇನ್ನೊಂದು ನವೆಂಬರ್ ಐದನ್ನು ಹೇಳಿ ಮುಂದೆ ಹೋಗುವೆನು. ೨೦೧೩ರಲ್ಲಿ ಆ ದಿನ ಭಾವುಬೀಜ. ಶೇಡಬಾಳದ ಕಡೆಗೆ ಮದುವೆಯಾದ ನನ್ನ ತಂಗಿ ಮೊಮ್ಮಕ್ಕಳೊಡನೆ ಮಿರಜದ ನಮ್ಮ ಮನೆಗೆ ಬಂದಿದ್ದಳು. ಆರತಿ, ಊಟ ಮುಗಿದು ಮಕ್ಕಳೆಲ್ಲ ದೂರದರ್ಶನದ ಮುಂದೆ ಕುಳಿತರು. ಮಧ್ಯಾಹ್ನ ೨ ಗಂಟೆ ೩೮ ನಿಮಿಷಕ್ಕೆ ಶ್ರೀಹರಿಕೋಟೆಯಿಂದ ಮಂಗಳಯಾನ ಮೇಲಕ್ಕೆ ಎದ್ದಿತು. ನನ್ನ ಮೊಮ್ಮಕ್ಕಳು ಮರಾಠಿಯಲ್ಲಿ, ತಂಗಿಯ ಮೊಮ್ಮಕ್ಕಳು ಕನ್ನಡದಲ್ಲಿ, ಹತ್ತರಿಂದ ಸೊನ್ನೆಗೆ ಎಣಿಸಿದರು. ಸೊನ್ನೆಗೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷ ಸೆಪ್ಟೆಂಬರ್ ೨೪ರಂದು ಆ ನೌಕೆ ಮಂಗಳನ ಕಕ್ಷೆಯನ್ನು ಸೇರಿತು.

ಪಾಲಕರೇ, ನನ್ನ ಮೊಮ್ಮಕ್ಕಳು ಮರಾಠಿಯಲ್ಲಿ ಎಣಿಸಿದರೆಂದು ಹೇಳಿದೆನಲ್ಲ, ಅದರಲ್ಲಿ ನಿಮ್ಮ ಪ್ರಶ್ನೆಯೂ ಅಡಗಿದೆ. “ಮಹಾರಾಷ್ಟ್ರದಲ್ಲಿದ್ದು ಮಕ್ಕಳಿಗೆ ಕನ್ನಡ ಕಲಿಸಿ ಏನು ಫಲ?” ಎಂದು ನನ್ನನ್ನು ಕೇಳಿದವರು ಅನೇಕರು. ನಮ್ಮ ಮನೆಯಲ್ಲಿಯೂ ಆ ಪ್ರಶ್ನೆ ಎದ್ದಿತು. ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಹೊಟ್ಟೆಯ ಪಾಡು, ನೌಕರಿಯ ಚಿಂತೆ ಇವೆಲ್ಲ ನಿಜ. ಮರಾಠಿಯನ್ನು ಚೆನ್ನಾಗಿ ಕಲಿಯಲೇಬೇಕು. ೨೦೨೦ರ ಕಾನೂನಿನಂತೆ ಈ ರಾಜ್ಯದ ಎಲ್ಲ ಶಾಲೆಗಳಲ್ಲಿ ಅದು ಕಡ್ಡಾಯವೂ ಆಗಿದೆ. ಇಂಗ್ಲಿಷೂ ಬೇಕು. ಆದರೆ ಮನೆಯ ಮಾತನ್ನು ಬಿಟ್ಟುಕೊಟ್ಟು ನೆರೆಯ ಮಾತನ್ನು ಪಡೆಯಬೇಕೆಂಬ ನಿಯಮವೆಲ್ಲಿದೆ? ಕರ್ಕಿಯ ಭಾಗವತರು ತಮ್ಮ ಪದಗಳನ್ನು ಮರೆತು ಸಾಂಗಲಿಗೆ ಬಂದಿದ್ದರೆ ಅವರಿಂದ ಸಾಂಗಲಿಗೆ ಏನು ಸಿಗುತ್ತಿತ್ತು? ಬರಿಗೈಯಲ್ಲಿ ಬಂದವನಿಂದ ನೆರೆಯವನಿಗೂ ಲಾಭವಿಲ್ಲ. ನಿಮ್ಮ ಮಗು ಕನ್ನಡವನ್ನು ಓದಿ ಬರೆಯಬಲ್ಲದಾದರೆ, ಮರಾಠಿ ಗೆಳೆಯನಿಗೆ ಕೊಡಲು ಅದರ ಕೈಯಲ್ಲಿ ಒಂದು ವಸ್ತು ಇರುತ್ತದೆ.

ಮಕ್ಕಳೇ, ನಿಮಗೆ ಒಂದು ಕೆಲಸ ಹೇಳುವೆನು. ನೋಟುಬುಕ್ಕಿನ ಒಂದು ಹಾಳೆಯಲ್ಲಿ ನೀವು ಹುಟ್ಟಿದ ತಾರೀಖನ್ನು ಬರೆದು, ಕೆಳಗೆ ಮೂರು ಮನೆಗಳನ್ನು ಎಳೆಯಿರಿ. ಮೊದಲನೆಯದರಲ್ಲಿ ಆ ದಿನ ನಿಮ್ಮ ಮನೆಯಲ್ಲಿ ಏನು ನಡೆಯಿತೆಂದು ಅಜ್ಜಿಯನ್ನು ಕೇಳಿ ಬರೆಯಿರಿ. ಎರಡನೆಯದರಲ್ಲಿ ಅದೇ ತಾರೀಖಿಗೆ ಎಂದಾದರೂ ನಿಮ್ಮ ಊರಲ್ಲಿ ನಡೆದುದನ್ನು ಗುರುಗಳನ್ನೂ ಹಿರಿಯರನ್ನೂ ಕೇಳಿ ಬರೆಯಿರಿ. ಮೂರನೆಯದರಲ್ಲಿ ಜಗತ್ತಿನಲ್ಲಿ ನಡೆದುದನ್ನು ಪುಸ್ತಕಗಳಿಂದ ತೆಗೆದು ಬರೆಯಿರಿ. ಮೊದಲನೆಯ ಮನೆಯನ್ನು ತಡಮಾಡದೆ ತುಂಬಿರಿ. ಪುಸ್ತಕಗಳು ಕಪಾಟಿನಲ್ಲಿ ಕಾಯುತ್ತವೆ. ಅಜ್ಜಿಯರು ಬಹುಕಾಲ ಕಾಯಲಾರರು. ಚೆನ್ನಾಗಿ ಬರೆದವುಗಳನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚುಹಾಕಬೇಕೆಂದು ಸಂಪಾದಕರನ್ನು ಬೇಡಿಕೊಳ್ಳುವೆನು.

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ, ಇಲ್ಲಿಯೇ ಹರಿಪುರದಲ್ಲಿ ವಾರಣೆಯನ್ನು ಕೂಡಿಕೊಂಡು, ಮುಂದೆ ಕನ್ನಡ ನಾಡಿಗೆ ಹರಿಯುತ್ತಾಳೆ. ಅವಳ ದಂಡೆಯಲ್ಲಿ ಬೆಳೆಯುವ ನಿಮಗೆ ಎರಡು ಭಾಷೆಗಳ ಐಶ್ವರ್ಯವೂ ಲಭಿಸಲಿ, ಈ ಸಂಸ್ಥೆ ಬಹುಕಾಲ ಬಾಳಲಿ ಎಂದು ಹಾರೈಸುವೆನು.